ಹದಿನೇಳನೆಯ ಸಾಲು

ಕಾಗದದಲ್ಲಿ ‘ಅಜಾಗರೂಕತೆ’ ಎಂಬ ಶಬ್ದ ಮೂರು ಸಲ ಬಂದಿತ್ತು. ಮೊದಲ ಓದಿನಲ್ಲಿ ನರ್ಗೀಸ ಅದನ್ನು ಗಮನಿಸಿರಲಿಲ್ಲ. ಎರಡನೆಯ ಓದಿನಲ್ಲಿ ಎಣಿಸಿದಳು, ಎಣಿಸಿದ್ದೇ ತಡ ಕಿವಿಯ ಹಿಂದೆ ಬಿಸಿಯಾಗತೊಡಗಿತು. ಕ್ಷೇತ್ರ ಕಾರ್ಯಕರ್ತೆ ಶೀಲಾ ಇವರ ಅಜಾಗರೂಕತೆಯಿಂದಾಗಿ ಇಳಕಲ್ಲಿನ ಇಬ್ಬರು ಮಹಿಳೆಯರ ಎದೆ ಪರೀಕ್ಷೆಯ ಫಲಿತಾಂಶಗಳು ಅದಲುಬದಲಾಗಿರುತ್ತವೆ. ಆ್ಯಪ್‌ನಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಕೋರ್ಟು ಕಚೇರಿಯ ಈ ಕನ್ನಡ ಆಫೀಸಿನ ಮಾಲಕ ಅನಿಲಕುಮಾರನಿಗೆ ಎಲ್ಲಿಂದ ಹೊಳೆಯಿತೋ. ದಿನಾ ಅವನು ಆಡುವ ಮಾತಿನಲ್ಲಿ ಇಂಥ ಒಂದು ಶಬ್ದವನ್ನೂ ಅವಳು ಕೇಳಿದ್ದಿಲ್ಲ. ಸುಳ್ಳು ಹೇಳುವಾಗ ಮನುಷ್ಯನಿಗೆ ಒಳ್ಳೆಯ ಅಂಗಿ ತೊಡಬೇಕು ಅನ್ನಿಸುತ್ತದೇನೋ ಎಂದುಕೊಂಡಳು. ಕೆಳಗೆ ಎರಡು ಗೆರೆಗಳಿದ್ದವು. ಒಂದರ ಮೇಲೆ ಅವನ ಉದ್ದ ಬಾಲದ ಸಹಿ ಆಗಲೇ ಬಿದ್ದಿತ್ತು. ಇನ್ನೊಂದರ ಕೆಳಗೆ ಅವಳ ಹೆಸರು, ಅದರ ಕೆಳಗೆ ‘ಆ್ಯಪ್ ತಯಾರಿಸಿದವರು’ ಎಂದು ಟೈಪಾಗಿತ್ತು. ಎರಡು ವರ್ಷದಲ್ಲಿ ಬಾಗಲಕೋಟೆಯ ಈ ನವನಗರದ ಆಫೀಸಿನಿಂದ ಹೊರಟ ಯಾವ ಆ್ಯಪ್‌ನಲ್ಲೂ ಆ ಹೆಸರು ಕಾಣಿಸಿದ್ದಿಲ್ಲ. ಕಾಣಿಸಿದ್ದು ಇಲ್ಲಿ.

“ಓದಿದ್ದು ಸಾಕ ತಂಗಿ, ಸಹಿ ಮಾಡು. ಹನ್ನೆರಡರೊಳಗ ಇಳಕಲ್ ಮುಟ್ಟಬೇಕು,” ಎಂದ ಅನಿಲಕುಮಾರ, ಕಾರಿನ ಕೀಲಿ ತಿರುಗಿಸುತ್ತ. ಕೆಲಸಕ್ಕೆ ಸೇರಿದ ದಿನದಿಂದ ಅವಳನ್ನು ತಂಗಿ ಎಂದೇ ಕರೆಯುತ್ತಾನೆ, ಮತ್ತು ಆ ಕರೆಯಲ್ಲಿ ಸುಳ್ಳಿಲ್ಲ ಎಂಬುದೇ ಅವಳಿಗೆ ತ್ರಾಸದಾಯಕ. “ದಾರ್ಯಾಗ ಮಾಡ್ತೇನ್ರಿ ಸರ್, ಇನ್ನೊಮ್ಮಿ ಓದಿ,” ಎಂದು ಕಾಗದವನ್ನು ಬ್ಯಾಗಿಗೆ ಹಾಕಿಕೊಂಡಳು. ಹೇಳಬೇಕಾಗಿದ್ದ ಮಾತು ಅದಲ್ಲ. ‘ಇದು ಖರೆ ಅಲ್ರಿ ಸರ್’ ಎಂಬ ಇಷ್ಟು ಸಣ್ಣ ಮಾತು ಗಂಟಲವರೆಗೆ ಬಂದು, ಅವನ ನಗುಮುಖ ಕಂಡು, ಹಿಂದಕ್ಕೆ ಹೋಗಿತ್ತು. ಆಮೇಲೆ ಇಡೀ ದಾರಿ ಅವಳು ಬೈದುಕೊಂಡದ್ದು ಅವನನ್ನೋ ತನ್ನನ್ನೋ ಅವಳಿಗೇ ಗೊತ್ತಾಗಲಿಲ್ಲ.

ಕಾರು ಊರು ದಾಟಿತು. ಕಿಟಕಿಯಾಚೆ ಸೂರ್ಯಕಾಂತಿಯ ಹೊಲಗಳು ಬಂದು ಹೋದವು. ಆ್ಯಪ್ ಬರೆಸಿದ ಆರೋಗ್ಯ ಟ್ರಸ್ಟಿನವರು ನೇಕಾರರ ಓಣಿಗಳಿಗೆ ಎಕ್ಸ್‌ರೇ ಗಾಡಿ ಕಳಿಸುವುದು, ಕ್ಷಯವಿದೆಯೇ ಎಂದು ಓಣಿಯ ಹೆಣ್ಣುಮಕ್ಕಳ ಎದೆಯ ಫೋಟೋ ತೆಗೆಸುವುದು, ಮೂರು ದಿನದ ಮೇಲೆ ಕಾರ್ಯಕರ್ತೆಯೊಬ್ಬಳು ಫೋನು ಹಿಡಿದುಕೊಂಡು ಹೋಗಿ ಫಲಿತಾಂಶ ತೋರಿಸುವುದು. ಹೆಸರುಗಳು ಟ್ರಸ್ಟಿನ ಹತ್ತಿರ, ಚೀಟಿಯ ನಂಬರುಗಳು ಆ್ಯಪ್‌ನಲ್ಲಿ. ಒಬ್ಬಳದು ಇನ್ನೊಬ್ಬಳಿಗೆ ಕಾಣಬಾರದೆಂದು ಪ್ರತಿಯೊಬ್ಬಳೂ ತನ್ನ ಚೀಟಿಯ ನಂಬರು ತಾನೇ ಒತ್ತಿ, ತನ್ನ ಹೆಸರು ತಾನೇ ಬರೆದು ಒಳಗೆ ಹೋಗಬೇಕು. ಆ ಹೆಸರು ಪರದೆಯ ಮೇಲೆ ಕಾಣುತ್ತದೆಯೇ ಹೊರತು ಆ್ಯಪ್‌ನಲ್ಲಿ ಉಳಿಯುವುದಿಲ್ಲ. ಎದೆ ಸರಿಯಿದ್ದರೆ ಹಸಿರು, ನೆರಳು ಕಂಡಿದ್ದರೆ ಕೆಂಪು, ದವಾಖಾನೆಗೆ ಬನ್ನಿ ಎಂಬ ಸೂಚನೆ. ಇಷ್ಟೇ ಆ್ಯಪ್. ನರ್ಗೀಸ ಅದನ್ನು ಚೆನ್ನಾಗಿಯೇ ಬರೆದಿದ್ದಳು. ಫಲಿತಾಂಶವನ್ನು ಒಂದು ಪ್ರೊವೈಡರಿನಲ್ಲಿ ಇಟ್ಟಿದ್ದಳು. ಪ್ರೊವೈಡರ್ ಎಂದರೆ ಎಲ್ಲ ಪರದೆಗಳಿಗಿಂತ ಮೇಲೆ ಕೂತ ಯಜಮಾನಿ. ಮಾಹಿತಿ ಅವಳೊಬ್ಬಳ ಹತ್ತಿರ ಇರುತ್ತದೆ, ಬದಲಾದ ಕೂಡಲೇ ‘ಬದಲಾಗಿದೆ, ನೋಡಿಕೊಳ್ಳಿ’ ಎಂದು ಕೂಗುತ್ತಾಳೆ, ಕೆಳಗಿನ ಪರದೆಗಳು ಕೇಳಿಸಿಕೊಂಡು ಮತ್ತೊಮ್ಮೆ ಬರೆದುಕೊಳ್ಳುತ್ತವೆ. ಹಾಗೆ ಬರೆದುಕೊಳ್ಳುವಾಗ ಅರ್ಧ ಸೆಕೆಂಡು ಪರದೆ ಬೆಳ್ಳಗಾಗುತ್ತಿತ್ತು. ಅಷ್ಟೇ. ಆ ಅರ್ಧ ಸೆಕೆಂಡನ್ನು ಟ್ರಸ್ಟಿನ ದೊಡ್ಡವರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನೋಡಿ, “ಇದೇನ್ರಿ, ಮಿಣಕ್ ಅಂತೈತಿ?” ಎಂದಿದ್ದರು, ಮತ್ತು ಅನಿಲಕುಮಾರ ಎಲ್ಲರೆದುರು ಗಟ್ಟಿಯಾಗಿ ನಕ್ಕು, “ನಮ್ಮ ಹುಡುಗಿ ಹೊಸಾಕಿ ಅದಾಳ್ರಿ, ಕಲೀಲಿಕ್ಹತ್ಯಾಳ,” ಎಂದಿದ್ದ. ಹನ್ನೆರಡು ಜನ ತಿರುಗಿ ಅವಳನ್ನು ನೋಡಿದರು. ಒಬ್ಬರು ಮರುಕದಿಂದ ನಕ್ಕರು ಕೂಡ. ಆ ನಗು ಅವಳ ಮೈಮೇಲೆ ಇನ್ನೂ ಇದೆ, ತೊಳೆದರೂ ಹೋಗಿಲ್ಲ.

“ಬೆಳ್ಳಗಾಗೂದು ನಿಲ್ಲಸು, ಹೆಂಗರೆ ಮಾಡು,” ಎಂದಿದ್ದ ಊಟದ ಹೊತ್ತಿಗೆ. ಸರಿಯಾಗಿ ಮಾಡಲು ಎರಡು ದಿನ ಬೇಕು ಎಂದು ಅವಳು ಹೇಳಿದಳು. ಎರಡು ತಾಸು ಐತಿ ಎಂದು ಅವನು ಹೇಳಿದ. ಆಗ ಅವಳು ಮಾಡಿದ್ದು ಹತ್ತು ನಿಮಿಷದ ಕೆಲಸ: ಫಲಿತಾಂಶದ ಪರದೆಗೆ ‘ಲಿಸನ್ ಫಾಲ್ಸ್’ ಎಂದು ಬರೆದಳು. ಅಂದರೆ, ನೀನು ಯಜಮಾನಿಯ ಕೂಗು ಕೇಳಿಸಿಕೊಳ್ಳಬೇಡ. ತೆರೆದಾಗ ಅವಳ ಹತ್ತಿರ ಏನಿದೆಯೋ ಅದನ್ನು ತೋರಿಸಿ ಸುಮ್ಮನಿರು. ಪರದೆ ಸುಮ್ಮನಾಯಿತು. ಸಂಜೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಫೀಸಿನ ನಾಲ್ಕು ಫೋನುಗಳಲ್ಲಿ ನಾಲ್ವರು ಒಂದೊಂದು ನಂಬರು ಹಾಕಿ ನೋಡಿದ್ದರು. ಮೊದಲು ಖಾಲಿ ಬಂತು, ಮುಚ್ಚಿ ತೆರೆದರೆ ಸರಿ ಬಂತು, ಆತು ಬಿಡು ಅಂದರು. ಒಂದೇ ಫೋನನ್ನು ಹದಿನೇಳು ಜನರ ಕೈಗೆ ಕೊಟ್ಟು ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಇದೇ ಅವಳ ಎದೆಯಲ್ಲಿ ಸಿಕ್ಕಿಕೊಂಡ ಮುಳ್ಳು.

ಯಾಕೆಂದರೆ ಹುನಗುಂದದ ಮನೆಯಲ್ಲಿ ಅವಳು ಬೆಳೆದದ್ದೇ ಒಂದು ಫೋನಿನಲ್ಲಿ. ಅಣ್ಣ ನಾಸೀರನ ಫೋನು. ಗಾಜು ಮೂಲೆಯಲ್ಲಿ ಒಡೆದದ್ದು. ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಓಣಿಯ ಏಳು ಹುಡುಗಿಯರು ಅದೇ ಫೋನಿಗಾಗಿ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು, ಅಮ್ಮಾ ಪ್ರತಿಯೊಬ್ಬಳ ನಂತರ ಫೋನನ್ನು ಸೆರಗಿನಿಂದ ಒರೆಸಿ ಮುಂದಿನವಳಿಗೆ ದಾಟಿಸುತ್ತಿದ್ದಳು. ನರ್ಗೀಸ ಮೂರನೆಯವಳು. ಅತ್ತವರು ಇಬ್ಬರು, ನಕ್ಕವರು ಐವರು, ಎಲ್ಲ ಒಂದೇ ಗಾಜಿನ ಮೇಲೆ. ಇದೆಲ್ಲ ತಿಳಿದವಳು ಹೋಗಿ ಹೋಗಿ, ಒಬ್ಬೊಬ್ಬರಿಗೊಂದು ಫೋನು ಇರುವ ಜನರಿಗಾಗಿ ಬರೆದಂತೆ ಬರೆದಿದ್ದಳು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಕಲಿತದ್ದು ತನ್ನ ಓಣಿಯನ್ನು ಮರೆಯುವುದನ್ನೇ ಏನು? ಕಾರು ಹುನಗುಂದದ ಬಸ್‌ಸ್ಟ್ಯಾಂಡಿನ ಎದುರು ನಿಧಾನವಾದಾಗ ಅವಳು ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಅಪ್ಪ ಅಮೀನಸಾಬನ ಹೊಲಿಗೆಯ ಅಂಗಡಿ ಆ ಗಲ್ಲಿಯಲ್ಲೇ ಇತ್ತು. ಈ ಹೊತ್ತಿಗೆ ಅವನು ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತಿರುತ್ತಾನೆ. ಹೊಲಿದ ಅಂಗಿ ತಪ್ಪಾದರೆ ಅಪ್ಪ ಗಿರಾಕಿಯ ಮೈಯನ್ನು ಬೈದದ್ದು ಅವಳು ಎಂದೂ ಕೇಳಿಲ್ಲ.

ಅದಕ್ಕೂ ಮುಂಚೆ, ಅಮೀನಗಡದಲ್ಲಿ, ಅನಿಲಕುಮಾರ ಕಾರು ನಿಲ್ಲಿಸಿ ಕರದಂಟಿನ ಎರಡು ಡಬ್ಬಿ ತಂದಿದ್ದ. ಒಂದು ರಮಾಬಾಯಿಗೆ, ಒಂದು ಇಂದ್ರವ್ವನಿಗೆ. ರಮಾಬಾಯಿಯ ಎದೆಯಲ್ಲಿ ಏನೂ ಇರಲಿಲ್ಲ. ಅವಳಿಗೆ ಕೆಂಪು ಬಂದಿತ್ತು. ಐದು ವಾರ ಮಗ್ಗ ನಿಲ್ಲಿಸಿ, ಸೊಸೆ ಬೇರೆ ಇಟ್ಟ ಗಂಗಾಳದಲ್ಲಿ ಉಂಡು, ಕಡೆಗೆ ತಾನಾಗಿ ಬಾಗಲಕೋಟೆಯ ದವಾಖಾನೆಗೆ ಬಂದು ಮತ್ತೊಂದು ಫೋಟೋ ತೆಗೆಸಿದಾಗ ವಿಷಯ ಹೊರಗೆ ಬಿತ್ತು. ಇಂದ್ರವ್ವನ ಎದೆಯಲ್ಲಿ ಕ್ಷಯವಿತ್ತು. ಅವಳಿಗೆ ಹಸಿರು ಬಂದಿತ್ತು. ಐದು ವಾರ ಮೊಮ್ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಕೆಂಪು ಬಂದವರು ತಾವಾಗಿ ಬರುತ್ತಾರೆ ಎಂದು ಟ್ರಸ್ಟಿನವರು ಕೂತಿದ್ದರು. ಬರದವರು ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಿರಲಿಲ್ಲ. ಈಗ ಇಬ್ಬರಿಗೂ ಒಂದೊಂದು ಡಬ್ಬಿ ಕರದಂಟು. ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು ಅವನು, “ಗೋಡಂಬಿ ಭಾಳ ಹಾಕಿದ್ದು ತಗೊಂಡೇನಿ,” ಎಂದ, ಒಳ್ಳೆಯ ಮನಸ್ಸಿನಿಂದಲೇ. ಅವಳು ಸಿಟ್ಟಿನಿಂದ ಡಬ್ಬಿಗಳನ್ನು ತೊಡೆಯಿಂದ ಎತ್ತಿ ಕಾಲಬುಡದಲ್ಲಿ ಇಟ್ಟಳು.

“ಸರ್, ಸೋಮವಾರಾನೂ ಹೇಳೇನಿ, ಇಬ್ಬರಷ್ಟ ಅಲ್ರಿ. ನಾ ಆ್ಯಪ್‌ನ ದಾಖಲೆಯೊಳಗ ಅವತ್ತಿನ ಎಲ್ಲಾ ಸಾಲು ತಗದು ನೋಡೇನಿ. ಮೊದಲನೇದಾಕಿ ಒಬ್ಬಾಕಿ ಬಿಟ್ರ ಎಲ್ಲಾರಿಗೂ ಅವರಕಿಂತ ಮೊದಲ ನೋಡ್ದಾಕಿದು ಬಂದೈತಿ. ಇಡೀ ಓಣಿ ಒಂದೊಂದು ಮನಿ ಸರದೈತಿ. ಮಿಕ್ಕಿದವರದೆಲ್ಲಾ ಹಸರು ಇದ್ದದ್ದಕ್ಕ ಯಾರಿಗೂ ತಿಳೀಲಿಲ್ಲ.”

“ಹಂಗಾದ್ರ ಯಾರಿಗೂ ತ್ರಾಸ ಆಗಿಲ್ಲಲ. ಮತ್ಯಾಕ?”

“ಹದಿನೇಳನೇ ಸಾಲು ಕೆಂಪೈತ್ರಿ. ಆಕಿ ಕಡೀದಾಕಿ. ಆಕಿ ನೋಡಿದ್ದು ಹದಿನಾರನೇದಾಕಿದು, ಹಸರು. ಆಕೀದು ಯಾರೂ ನೋಡಿಲ್ಲ.”

“ತಂಗಿ, ಟ್ರಸ್ಟಿನ ಪಟ್ಟಿಯೊಳಗ ಹದಿನಾರ ಹೆಸರು ಅದಾವು. ಹದಿನೇಳನೇದು ಟೆಸ್ಟ್ ಎಂಟ್ರಿ. ಆ್ಯಪ್ ನಡೀತೈತೋ ಇಲ್ಲೋ ನೋಡಾಕ ನಾವs ಯಾರೋ ಹಾಕಿರ್ತೇವಿ, ಬಿಡು.”

ಸೋಮವಾರ ಅವನು ಇದೇ ಮಾತನ್ನು ಹೇಳಿದಾಗ ಅವಳು ನಂಬಿದ್ದಳು. ನಂಬಿದ್ದಳು ಎಂದರೂ ಸುಳ್ಳೇ. ನಂಬಿದರೆ ಮನೆಗೆ ಹೋಗಿ ಊಟ ಮಾಡಬಹುದಾಗಿತ್ತು, ಅದಕ್ಕೆ ನಂಬಿದ್ದಳು. ಮಂಗಳವಾರ ಸಾಲಿನ ವೇಳೆ ನೋಡಿದಳು: ಹದಿನಾರನೆಯದಾದ ಎರಡು ನಿಮಿಷಕ್ಕೆ ಅದೇ ಫೋನಿನಲ್ಲಿ, ಅದೇ ಓಣಿಯಲ್ಲಿ ತೆರೆದದ್ದು. ಟೆಸ್ಟ್ ಎಂಟ್ರಿಗಳು ಇಳಕಲ್ಲಿನ ಓಣಿಯಲ್ಲಿ ಓಡಾಡುವುದಿಲ್ಲ, ಅವಕ್ಕೆ ಎದೆಯ ಫೋಟೋ ಇರುವುದಿಲ್ಲ. ಟ್ರಸ್ಟಿಗೆ ಫೋನು ಮಾಡಿದರೆ, ನಿಮ್ಮ ಮಾಲಕರ ಮುಖಾಂತರ ಬರವಣಿಗೆಯಲ್ಲಿ ಕಳಿಸಿರಿ ಎಂದರು. ಕಾರ್ಯಕರ್ತೆಯ ಫೋನು ಟ್ರಸ್ಟಿನದು, ವಿಚಾರಣೆಗೆಂದು ಅವರೇ ಕಸಿದುಕೊಂಡಿದ್ದರು. ಬುಧವಾರ ಅವಳು ಮಾಲಕನ ಮುಖಾಂತರವೇ ಬರೆದಳು, ಮಾಲಕನ ಮೇಜಿನ ಮೇಲಿಟ್ಟಳು. ಗುರುವಾರ, ಅಂದರೆ ಇವತ್ತು, ಮೇಜಿನ ಮೇಲೆ ಅವಳ ಕಾಗದವಿರಲಿಲ್ಲ, ಅವನ ಕಾಗದವಿತ್ತು. ಈ ಕಾಗದಕ್ಕೆ ಸಹಿ ಬಿದ್ದರೆ ತಪ್ಪು ಶೀಲಾಳದು, ತಪ್ಪು ಎರಡೇ ಮನೆಯದು, ಕಡತ ಮುಚ್ಚಿತು. ಮತ್ತು ಓಣಿಯಲ್ಲಿ ಎಲ್ಲೋ ಒಬ್ಬಳು ಎದೆಯಲ್ಲಿ ನೆರಳು ಇಟ್ಟುಕೊಂಡು ತನಗೆ ಏನೂ ಇಲ್ಲವೆಂದು ರೊಟ್ಟಿ ಬಡಿಯುತ್ತಿರುತ್ತಾಳೆ. ನರ್ಗೀಸಳಿಗೆ ಅವಳ ಮುಖ ಕಲ್ಪಿಸಿಕೊಳ್ಳಲು ಆಗಲಿಲ್ಲ. ಅಮ್ಮನ ಮುಖವೇ ಬರುತ್ತಿತ್ತು.

“ಸರ್, ನಾ ಸಹಿ ಮಾಡಂಗಿಲ್ಲ,” ಎಂದಳು, ಇಳಕಲ್ಲಿನ ಕೆಂಪು ಕಲ್ಲಿನ ರಾಶಿಗಳು ರಸ್ತೆಯ ಬದಿಗೆ ಕಾಣತೊಡಗಿದಾಗ. ಧ್ವನಿ ತನ್ನದಲ್ಲ ಅನ್ನಿಸುವಷ್ಟು ಸಣ್ಣಗಿತ್ತು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. “ಅಲ್ಲೇ ಮಾಡು ಆತು, ಎಲ್ಲಾರ ಮುಂದ ಮಾಡಿದ್ರ ಚಲೋ ಕಾಣ್ತೈತಿ,” ಎಂದ.

ಓಣಿಯ ನಡುವಿನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಒಳಗೆ ಎಲ್ಲೋ ಒಂದು ಮಗ್ಗ ಲಟಪಟ ಸದ್ದು ಮಾಡುತ್ತಿತ್ತು, ಯಾರೋ ಹೋಗಿ ನಿಲ್ಲಿಸಿ ಬಂದರು. ಹೆಂಗಸರು ಒತ್ತೊತ್ತಾಗಿ ಕೂತಿದ್ದರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು; ಅವಳೇ ಇಂದ್ರವ್ವ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಯಾರೂ ಅವಳಿಗೆ ಅಲ್ಲಿ ಕೂಡ್ರು ಅಂದಿರಲಿಕ್ಕಿಲ್ಲ, ಒಳಗೆ ಬಾ ಎಂದೂ ಅಂದಿರಲಿಲ್ಲ. ಕಂಬಕ್ಕೆ ಒರಗಿ ನಿಂತವಳು ಶೀಲಾ. ಮೂವತ್ತೈದರ ಆಸುಪಾಸು, ಟ್ರಸ್ಟಿನ ನೀಲಿ ಸೀರೆ, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ಇತ್ತು. ಟ್ರಸ್ಟಿನ ಮೇಲ್ವಿಚಾರಕ ಸುನೀಲಕುಮಾರ ಕುರ್ಚಿಯಲ್ಲಿದ್ದ, ಪಕ್ಕದ ಕುರ್ಚಿಯಲ್ಲಿ ಅನಿಲಕುಮಾರ ಕೂತ. ಮೂರನೆಯ ಕುರ್ಚಿ ತನಗೆ ಎಂದು ತಿಳಿದೂ ನರ್ಗೀಸ ಹೋಗಿ ಜಮಖಾನೆಯ ಅಂಚಿಗೆ ಕೂತಳು. ಕೂತ ಮೇಲೆ ಅದೂ ಒಂದು ನಾಟಕ ಅನ್ನಿಸಿ ನಾಚಿಕೆಯಾಯಿತು.

ಸುನೀಲಕುಮಾರ ತನ್ನ ಹತ್ತಿರವಿದ್ದ ಕಾಗದದ ಪ್ರತಿಯನ್ನು ಓದಿದ. ಅಜಾಗರೂಕತೆ ಬಂದಾಗಲೆಲ್ಲ ತಲೆಯೆತ್ತಿ ಕಂಬದ ಕಡೆ ನೋಡಿದ. ಓದಿ ಮುಗಿಯುವುದರೊಳಗೆ ರಮಾಬಾಯಿ ಎದ್ದು ನಿಂತಿದ್ದಳು. “ಐದು ವಾರ! ನನ್ನ ಗಂಗಾಳ ಬ್ಯಾರೆ, ನನ್ನ ಚರಿಗಿ ಬ್ಯಾರೆ. ನನ್ನ ಮಗ ನನ್ನ ಮುಂದ ಬಾಯಿಗೆ ವಸ್ತ್ರ ಕಟ್ಕೊಂಡು ನಿಂತಾನ. ಯಾಕ ಶೀಲಾ, ನಾ ನಿನಗೇನು ಮಾಡಿದ್ನೆವಾ?”

“ನಾ ಏನೂ ಅದಲಬದಲ ಮಾಡಿಲ್ಲ ಅಕ್ಕಾರ,” ಎಂದಳು ಶೀಲಾ. “ಚೀಟಿ ನೋಡಿ ನೀವs ಒತ್ತೀರಿ, ನಾ ಮುಟ್ಟಿಲ್ಲ. ಇವರು ಹೆಂಗ ಕಲಿಸಿದ್ರೋ ಹಂಗ ಮಾಡೇನಿ.” ಅವಳ ಧ್ವನಿ ಅಳುವಿನದಲ್ಲ, ಅತ್ತು ಮುಗಿದದ್ದು. ಅನಿಲಕುಮಾರ ಕೈಯೆತ್ತಿ ಸಮಾಧಾನ ಎಂಬಂತೆ ಮಾಡಿ, ಡಬ್ಬಿಗಳ ಕಡೆ ಸನ್ನೆ ಮಾಡಿದ. ಅದು ನರ್ಗೀಸಳಿಗೆ ಮಾಡಿದ ಸನ್ನೆ, ಎದ್ದು ಕೊಡು ಎಂದು. ಅವಳು ಎದ್ದಳು. ಡಬ್ಬಿ ಕೈಯಲ್ಲಿತ್ತು. ಇದನ್ನು ಕೊಟ್ಟುಬಿಟ್ಟರೆ ಆಮೇಲೆ ಬಾಯಿ ತೆರೆಯಲಾರೆ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು.

“ಶೀಲಾ ಅವರದು ತಪ್ಪಿಲ್ರಿ,” ಎಂದಳು. “ತಪ್ಪು ನಂದು. ಆ್ಯಪ್ ಬರದಾಕಿ ನಾನು.”

“ನರ್ಗೀಸ,” ಎಂದ ಅನಿಲಕುಮಾರ. ತಂಗಿ ಎನ್ನಲಿಲ್ಲ.

ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರದವಳಂತೆ ಒಂದೇ ಉಸಿರಿನಲ್ಲಿ ಹೇಳಿದಳು: ಪರದೆ ಬೆಳ್ಳಗಾಗುತ್ತಿತ್ತು, ದೊಡ್ಡವರಿಗೆ ಚೆಂದ ಕಾಣಲಿಲ್ಲ, ಸರ್ ನಿಲ್ಲಿಸು ಅಂದರು, ಇದು ಸರಿಯಾದ ದಾರಿ ಅಲ್ಲ ಅಂತ ಗೊತ್ತಿದ್ದೂ ನಾ ನಿಲ್ಲಿಸಿದೆ. ಅದಕ್ಕೇ ಒಬ್ಬಾಕಿ ತೆರೆದಾಗ ಹೆಸರು ಆಕೀದು ಬರುತ್ತಿತ್ತು, ಫಲಿತಾಂಶ ಮಾತ್ರ ಅದಕ್ಕಿಂತ ಮೊದಲು ತೆರೆದಾಕಿದು ಇರುತ್ತಿತ್ತು. ಆಕೀದು ಬಂದು ಮುಟ್ಟುವುದರೊಳಗೆ ಫೋನು ಮುಂದಿನಾಕಿಯ ಕೈಗೆ ಹೋಗಿರುತ್ತಿತ್ತು. ಸುನೀಲಕುಮಾರ ಹುಬ್ಬು ಗಂಟಿಕ್ಕಿ, “ಅಂದ್ರ ಏನಂತ? ಬಿಡಿಸಿ ಹೇಳ್ರಿ,” ಎಂದ. ಆದರೆ ಜಮಖಾನೆಯ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಜೈನಬಿ ಎಂಬ ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. “ತಿಳೀತು ತಗಿ. ನನಗ ಬಂದಿದ್ದು ನನ್ನ ಮುಂದ ಕುಂತಾಕಿದು. ನನ್ನ ಮುಂದ ಯಾರು ಕುಂತಿದ್ರು? ಆಯೇಶಾ, ನೀನs ಅಲ್ಲೇನು?”

ಆಮೇಲೆ ನಡೆದದ್ದನ್ನು ಯಾರೂ ಮಾಡಿಸಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವತ್ತು ಕಟ್ಟೆಯ ಮೇಲೆ ಕೂತ ಕ್ರಮದಲ್ಲೇ ಗೋಡೆಗುಂಟ ಸಾಲಾದರು. ನಾ ಈಕಿ ಬೆನ್ನಿಗಿದ್ದೆ, ನೀ ನಡುವ ನೀರು ತರಾಕ ಹೋದಿ, ಇಲ್ಲ ನಾ ಬಂದ ಮ್ಯಾಲ ಆಕಿ ಕೂತ್ಲು. ರಮಾಬಾಯಿ ಐದನೆಯ ಜಾಗದಲ್ಲಿ ನಿಂತಳು. ಅವಳ ಮುಂದಿನ ಜಾಗ ಖಾಲಿ ಉಳಿಯಿತು. ಎಲ್ಲರೂ ಬಾಗಿಲ ಕಡೆ ನೋಡಿದರು. ರಮಾಬಾಯಿ ಅಲ್ಲಿಂದಲೇ ಕೂಗಿದಳು: “ಬಾ ಇಂದ್ರವ್ವಾ, ನಿನ್ನ ಜಾಗಾ ಇದು. ಮಾರಿ ಆ ಕಡೆ ಮಾಡಿ ನಿಂದ್ರು, ಅಷ್ಟs.” ಇಂದ್ರವ್ವ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡು ಬಂದು ನಿಂತಳು. ನರ್ಗೀಸಳಿಗೆ ಕುರ್ಚಿಗಳ ಮೇಲಿನ ಇಬ್ಬರನ್ನೂ ಎಬ್ಬಿಸಿ ಓಣಿಗೆ ದೂಡಬೇಕು ಅನ್ನಿಸಿತು. ಇಷ್ಟು ಸರಳವಾಗಿತ್ತು. ಒಂದು ಮಾತು ಇವರನ್ನು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅವಳೂ ಕೇಳಿರಲಿಲ್ಲ.

ಅವಳು ಎಣಿಸಿದಳು. ಹದಿನಾರು. ಕಡೆಯ ಜಾಗದಲ್ಲಿ ಜೈನಬಿ ನಿಂತಿದ್ದಳು. “ನಿಮ್ಮ ಹಿಂದ ಯಾರಿದ್ರು ನಾನಿ? ನಿಮ್ಮ ಹಿಂದ ಒಬ್ಬಾಕಿ ಫೋನ್ ತಗದಾಳ. ಆಕಿ ಯಾರು, ನನಗ ಆಕಿ ಕೂಡ ಒಂದು ಮಾತು ಆಡೂದೈತಿ.”

“ನನ್ನ ಹಿಂದ ಯಾರೂ ಇದ್ದಿಲ್ಲವಾ. ನಾನs ಕಡೀದಾಕಿ. ಫೋನು ಶೀಲಾನ ಕೈಯಾಗ ಕೊಟ್ನಿ, ಮನಿಗಿ ಹೋದ್ನಿ.”

ಟೆಸ್ಟ್ ಎಂಟ್ರಿ, ಎಂದು ಅನಿಲಕುಮಾರ ಸುನೀಲಕುಮಾರನ ಕಿವಿಯಲ್ಲಿ ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಸಾಲಿನಲ್ಲಿದ್ದ ಹದಿನಾರು ತಲೆಗಳು ಒಂದೊಂದಾಗಿ ಕಂಬದ ಕಡೆ ತಿರುಗಿದವು.

“ಒಂದು ಚೀಟಿ ಉಳದಿತ್ರಿ,” ಎಂದಳು ಶೀಲಾ. “ಗಾಡಿಯವರು ನೀವೂ ತಗಿಸ್ಕೋರಿ ಅಂದ್ರು. ಓಣಿಯೊಳಗ ಅಂಜಿ ನಿಂತವ್ರು ನನ್ನ ನೋಡಿ ಧೈರ್ಯಾ ಮಾಡ್ಲಿ ಅಂತ ನಾನೂ ತಗಸಿದ್ನಿ. ಹಸರು ಬಂತು.” ಹಸಿರು ಯಾರದು, ಕೆಂಪು ಯಾರದು ಎಂಬುದು ಶೀಲಾಳಿಗೆ ಆ ಗಳಿಗೆಯಲ್ಲೇ ತಿಳಿದದ್ದನ್ನು ನರ್ಗೀಸ ಕಣ್ಣಾರೆ ಕಂಡಳು. ಬೇರೆ ಕರೆದು ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತುಗಳು ಯಾವ ಕೆಲಸಕ್ಕೂ ಬರಲಿಲ್ಲ. ನರ್ಗೀಸಳ ಮುಖವೇ ಹೇಳಿಬಿಟ್ಟಿತ್ತು. ಜೈನಬಿ ಶೀಲಾಳ ರಟ್ಟೆ ಹಿಡಿಯಲು ಹೋದಳು. ಶೀಲಾ ಹಿಂದಕ್ಕೆ ಸರಿದು, ಕೊರಳ ಚೀಟಿಯ ದಾರವನ್ನು ತಲೆಯ ಮೇಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ಸೆರಗನ್ನು ಬಾಯಿಗೆ ತಂದಳು. ಕುರ್ಚಿಗಳ ಕಡೆ ನೋಡಲೇ ಇಲ್ಲ. ನೋಡಿದ್ದು ನರ್ಗೀಸಳನ್ನು.

“ಯಾವತ್ತು ಗೊತ್ತಾತ್ರಿ ನಿಮಗ?”

“ಸೋಮವಾರ.”

“ಇವತ್ತು ಗುರುವಾರ,” ಎಂದಳು ಶೀಲಾ. “ನನಗ ಸಣ್ಣ ಹುಡುಗ್ರು ಇಬ್ರು ಅದಾರ್ರಿ ಮನಿಯಾಗ. ತಪ್ಪು ಹೊರಸಾಕ ನನ್ನ ಹೆಸರು, ನನ್ನ ಊರು, ನನ್ನ ಓಣಿ ಎಲ್ಲಾ ಸಿಕ್ತು ನಿಮಗ. ಇದನ್ನ ಹೇಳಾಕ ಸಿಗಲಿಲ್ಲೇನ್ರಿ ನಾನು?”